ಗಂಧ ಬಳಿದ ಆಲ್ಟಿಮೀಟರ್

ಪ್ಯಾಕಿಂಗಿಗೆ ಕೊಡಲೆಂದು ಆಲ್ಟಿಮೀಟರನ್ನು ಕೈಗೆತ್ತಿಕೊಂಡ ಟೆಸ್ಟಿಂಗಿನ ವರ್ಷಿಣಿ ಅದನ್ನು ತಿರುಗಿಸಿ ನೋಡಿದಳು. ಅದರ ಹಿಂಬದಿಯ ಪುಟ್ಟ ತೂತಿಗೆ ಯಾರೋ ಗಂಧ ಮೆತ್ತಿ, ಮೇಲೊಂದು ಕುಂಕುಮದ ಬೊಟ್ಟು ಇಟ್ಟಿದ್ದರು. ವಿಮಾನ ಎಷ್ಟು ಎತ್ತರದಲ್ಲಿ ಹಾರುತ್ತಿದೆ ಎಂದು ಹೇಳುವ ಉಪಕರಣ ಅದು. ಹೊರಗಿನ ಗಾಳಿಯ ಒತ್ತಡ ಒಳಹೋಗುವುದು ಆ ತೂತಿನಿಂದಲೇ.

ಯಾರೋ ಏನು, ವಿಶ್ವನಾಥ್ ಸಾಹೇಬರೇ. ಮೇಟಗಳ್ಳಿಯ ಈ ವಿಮಾನ ಉಪಕರಣಗಳ ವರ್ಕ್‌ಶಾಪಿಗೆ ಅವರು ಮುಖ್ಯಸ್ಥರಾಗಿ ಆರು ವರ್ಷವಾಗಿತ್ತು. ಸ್ಕ್ರೂಡ್ರೈವರ್ ಮುಟ್ಟುತ್ತಿದ್ದದ್ದು ಮಾತ್ರ ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ, ಹೂವು ಮುಡಿಸಲು. ತೂತಿಗೆ ಹಾಕಿದ್ದ ಪ್ಲಾಸ್ಟಿಕ್ ಮುಚ್ಚಳಕ್ಕೆ ಪೂಜೆ ಮಾಡಿದರೆ ಫಲವಿಲ್ಲವೆಂದು ಅದನ್ನು ಕಿತ್ತುಹಾಕಿ ಗಂಧ ಬಳಿದಿದ್ದರು, ಪುಣ್ಯಾತ್ಮರು. ಬೆಳಿಗ್ಗೆ ಬಳಿದದ್ದು ಮಧ್ಯಾಹ್ನಕ್ಕೆ ಒಣಗಿ ಗಟ್ಟಿಯಾಗಿತ್ತು.

"ಸಾರ್, ಇದನ್ನ ಇನ್ನೊಂದ್ಸಲ ಟೆಸ್ಟ್ ಮಾಡ್ಬೇಕು," ಎಂದಳು ವರ್ಷಿಣಿ.

"ಇವತ್ತಾ?" ವಿಶ್ವನಾಥ್ ಬಾಯಲ್ಲಿದ್ದ ಕಡ್ಲೆಪುರಿ ನುಂಗಿದರು. "ಪೂಜೆ ಮಾಡಿರೋ ಮಷೀನು ಮುಟ್ಟಂಗಿಲ್ಲ ಕಣಮ್ಮ. ನಾಳೆ ವಿಜಯದಶಮಿ ಆಗ್ಲಿ."

"ಹಂಗಾದ್ರೆ ಇದೂ ನಾಳೇನೇ ಹೋಗ್ಲಿ ಸಾರ್."

"ಅದೆಂಗಾಗುತ್ತೆ? ಗೇಟಲ್ಲಿ ವ್ಯಾನ್ ಬಂದು ನಿಂತಿದೆ. ಪಾಸ್ ಅಂತ ನಿನ್ನೆ ನೀನೇ ಸೈನ್ ಹಾಕಿದ್ಯಲ್ಲ?"

"ನಾನು ಸೈನ್ ಹಾಕ್ದಾಗ ತೂತು ಮುಚ್ಚಿರ್ಲಿಲ್ಲ."

"ತಿಲಕ ಕಣಮ್ಮ ಅದು! ವಿಮಾನಕ್ಕೂ ಒಳ್ಳೇದು," ಎಂದರು ವಿಶ್ವನಾಥ್. ಪೆಟ್ಟಿಗೆ ಹಿಡಿದು ನಿಂತಿದ್ದ ಪ್ಯಾಕಿಂಗಿನ ಬಸವರಾಜು ಅದನ್ನು ತೆರೆದು ಮುಂದೆ ಚಾಚಿದ.

ವರ್ಷಿಣಿಗೆ ಮೈಯೆಲ್ಲ ಉರಿದುಹೋಯಿತು. ಈ ಉಪಕರಣ ಹೋಗುತ್ತಿದ್ದದ್ದು ತರಬೇತಿ ವಿಮಾನಕ್ಕೆ. ಹಾರಲು ಕಲಿಯುವ ಯಾವುದೋ ಹುಡುಗಿ ಮೋಡದೊಳಗೆ ಕೂತು ಇದರ ಮುಳ್ಳನ್ನೇ ನಂಬುತ್ತಾಳೆ. ನಂಬಬಹುದು ಎಂದು ಬರೆದುಕೊಟ್ಟ ಕಾಗದದಲ್ಲಿ ಇದ್ದದ್ದು ವರ್ಷಿಣಿಯ ಸಹಿ, ಗಂಧ ಬಳಿದವರದ್ದಲ್ಲ.

ಅವಳು ಮತ್ತೆ ಕೇಳಲು ಹೋಗಲಿಲ್ಲ. ಗಾಳಿಯ ಒತ್ತಡ ಇಳಿಸಿ ಆಲ್ಟಿಮೀಟರ್ ಪರೀಕ್ಷಿಸುವ ಟೆಸ್ಟರಿನ ಮೇಲಿದ್ದ ಸೇವಂತಿಗೆ ಹಾರ ತೆಗೆದು ಪಕ್ಕಕ್ಕಿಟ್ಟು, ಪೈಪನ್ನು ತೂತಿಗೆ ಸಿಕ್ಕಿಸಿ, ಸ್ವಿಚ್ ಒತ್ತಿಯೇಬಿಟ್ಟಳು. "ಅಯ್ಯೋ, ಏನ್ ಮಾಡ್ಬುಟ್ಟೆ!" ಎಂದು ವಿಶ್ವನಾಥ್ ಎದ್ದು ಬಂದರು. ಟೆಸ್ಟರ್ ಐದು ಸಾವಿರ ಅಡಿ ತೋರಿಸಿತು. ಆಲ್ಟಿಮೀಟರಿನ ಮುಳ್ಳು ನೆಲ ಬಿಟ್ಟು ಏಳಲಿಲ್ಲ.

"ನೋಡಿ ಸಾರ್."

ವಿಶ್ವನಾಥ್ ಬಗ್ಗಿ ನೋಡಿದರು. ಗಾಜನ್ನು ಬೆರಳಿನಿಂದ ತಟ್ಟಿದರು. ಮುಖ ಒಂದು ಗಳಿಗೆ ಬಿಳುಚಿಕೊಂಡರೂ ಬೇಗನೆ ಕಳೆ ಬಂತು. ವ್ಯಾನನ್ನು ವಾಪಸು ಕಳಿಸುವಂತೆ ಬಸವರಾಜುವಿಗೆ ಹೇಳಿದರು. ವರ್ಷಿಣಿ ಪೈಪ್ ಬಿಚ್ಚಿದಳು.

ಸಾಹೇಬರು ರಿಜಿಸ್ಟರ್ ಬಿಡಿಸಿ, ದೋಷದ ಕಾರಣ ಬರೆಯುವ ಜಾಗದಲ್ಲಿ ದುಂಡಗಿನ ಅಕ್ಷರಗಳಲ್ಲಿ ಬರೆದರು: 'ಪೂಜೆಯಾದ ಮೇಲೆ ವರ್ಷಿಣಿಯವರು ಮುಟ್ಟಿದ್ದರಿಂದ ಕೆಟ್ಟಿದೆ.'

ನಂತರ ಪೆನ್ನನ್ನು ಅವಳತ್ತ ಚಾಚಿದರು.

"ಓದ್ಬುಟ್ಟು ಸೈನ್ ಹಾಕಮ್ಮ. ಓದ್ದೆ ಸೈನ್ ಹಾಕೋದು ತಪ್ಪು."