ಏಣಿ ಹಿಡಿದು ಮೂರು ಮುಳುಗು

ಒದ್ದೆ ಲೈಫ್ ಜಾಕೆಟ್‌ನ ವಾಸನೆ ಬಂದರೆ ಈಗಲೂ ನನಗೆ ಕುವೈತಿನ ಆ ಶುಕ್ರವಾರ ನೆನಪಾಗುತ್ತದೆ.

ನನಗಾಗ ಆರು ವರ್ಷ. ನಾವಿದ್ದ ಹವಲ್ಲಿ ಬಡಾವಣೆಯ ನಾಲ್ಕು ಮನೆಯವರು ಸೇರಿ ಬೋಟು ಬಾಡಿಗೆಗೆ ಹಿಡಿದು ಕುಬ್ಬರ್ ದ್ವೀಪ ಸುತ್ತಲು ಹೋಗಿದ್ದೆವು. ಎಲ್ಲರೂ ನೀರಿಗಿಳಿದರೂ ಅಮ್ಮ ಮಾತ್ರ, "ಉಪ್ಪುನೀರು ನನಗ ಬ್ಯಾಡವ್ವ" ಎಂದು ಬೋಟಿನ ನೆರಳಲ್ಲೇ ಕೂತಿದ್ದಳು.

ಮಧ್ಯಾಹ್ನ ಅಪ್ಪನಿಗೆ ಫೋನ್ ಬಂತು. ಮಾತು ಮುಗಿಸಿ ಅಮ್ಮನ ಹತ್ತಿರ ಬಂದರು. "ಧಾರವಾಡದಿಂದ ಫೋನು. ನಿಮ್ಮಪ್ಪಾರು ತೀರಿಕೊಂಡ್ರಂತ."

ಲೈಫ್ ಜಾಕೆಟ್ ತೊಟ್ಟು ಬೋಟಿನ ಏಣಿಯ ಬುಡದಲ್ಲಿ ತೇಲುತ್ತಿದ್ದ ನನಗೂ ಅದು ಕೇಳಿಸಿತು. ತಟ್ಟಲಿಲ್ಲ.

ಅಮ್ಮ ಅಳಲಿಲ್ಲ. ಬಳೆಗಳನ್ನು ಮೊಣಕೈಯತ್ತ ಸರಿಸಿಕೊಂಡಳು. "ಸುದ್ದಿ ಕೇಳಿದ ಮ್ಯಾಲ ಸ್ನಾನ ಆಗಬೇಕಲ್ರಿ" ಎಂದು ಎದ್ದು, ತೊಟ್ಟ ಚೂಡಿದಾರದಲ್ಲೇ ಇಳಿದಳು. ಏಣಿ ಹಿಡಿದುಕೊಂಡೇ ಮೂರು ಸಲ ಮುಳುಗಿ ಎದ್ದಳು.

ಕೊನೆಗೂ ಅಮ್ಮ ಆಟಕ್ಕೆ ಬಂದಳೆಂದು ನನಗೆ ಖುಷಿಯೋ ಖುಷಿ. "ಅಮ್ಮಾ, ಒನ್ ಮೋರ್!" ಎನ್ನುತ್ತ ಅವಳ ಮುಖಕ್ಕೆ ನೀರು ಎರಚಿದೆ.

"ಏ, ಸುಮ್ನಿರು!" ಮೇಲಿನಿಂದ ಅಪ್ಪ ಗದರಿದರು.

"ಬಿಡ್ರಿ, ಆಡ್ಲಿ" ಎಂದಳು ಅಮ್ಮ. ಕಣ್ಣು ಮುಚ್ಚಿ, ಮುಖವನ್ನು ನನ್ನ ಕಡೆಗೇ ಹಿಡಿದು ನಿಂತಳು.

ಕೈ ಸೋಲುವವರೆಗೂ ನಾನು ಎರಚುತ್ತಲೇ ಇದ್ದೆ.