ಮುಗಿಯದ ನಮಸ್ಕಾರ

ಹೆಣ್ಣು ನೋಡಲು ಹೊರಟ ಕಾರಿನಲ್ಲಿ ಅಮ್ಮ ದಾರಿಯುದ್ದಕ್ಕೂ ಮಗನ ಕಿವಿ ಹಿಂಡುತ್ತಲೇ ಇದ್ದಳು. "ಮೂರು ಹೊತ್ತೂ ಸೋಫಾದಲ್ಲಿ ಸೀಗಡಿ ಥರ ಮುದುರಿಕೊಂಡು ಮೊಬೈಲ್ ನೋಡಿದ್ರೆ ಸೊಂಟ ಹಿಡ್ಕೊಳ್ಳದೆ ಇನ್ನೇನಾಗತ್ತೆ? ಹೋದ ಸಲದ ಹುಡುಗಿ ಮನೆಯವರು ಇದಕ್ಕೇ ಬೇಡ ಅಂದಿದ್ದು. ಇಲ್ಲೂ ಅಯ್ಯೋ ಅಮ್ಮಾ ಅಂತ ಬಾಯಿ ಬಿಟ್ಟೀಯ, ಜೋಕೆ!"

ಹುಡುಗಿ ಕಾಫಿ ತಂದಳು, ಒಮ್ಮೆ ನಕ್ಕಳು. ಕಥೆಯ ರಾಜಕುಮಾರರಿಗೆ ಆಗುವುದೆಲ್ಲ ಅವನಿಗೂ ಆಗಿಹೋಯಿತು. ಇವಳು ಕೈತಪ್ಪಬಾರದೆಂದು ನೋವು ನುಂಗಿಕೊಂಡು ನೆಟ್ಟಗೆ ಕೂತ.

ಹೊರಡುವ ಹೊತ್ತಿಗೆ ಹುಡುಗಿಯ ಅಜ್ಜಿಗೆ ನಮಸ್ಕಾರ ಮಾಡಲು ಬಗ್ಗಿದ. ಸೊಂಟ ಕಟಕ್ಕೆಂದಿತು.

"ನೂರು ಕಾಲ ಬಾಳಪ್ಪಾ" ಎಂದು ಅಜ್ಜಿ ತಲೆ ಸವರಿದರು. ಅವನು ಏಳಲಿಲ್ಲ. "ಆಯ್ತು, ಎದ್ದೇಳು ಮಗಾ." ಊಹೂಂ.

"ಈಗಿನ ಹುಡುಗರು ಮಂಡಿ ಮುಟ್ಟಿದ ಹಾಗೆ ಮಾಡಿ ಓಡಿಹೋಗ್ತಾರೆ. ಇವನ ಭಕ್ತಿ ನೋಡ್ರೋ!" ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅವನ ಅಮ್ಮನಿಗೆ ಮಾತ್ರ ಬೆವರಿಳಿಯಿತು.

ಅಷ್ಟರಲ್ಲಿ ಹುಡುಗಿ ಸರಸರನೆ ಬಂದು ಅವನ ಪಕ್ಕದಲ್ಲೇ ಬಗ್ಗಿ ಅಜ್ಜಿಯ ಪಾದ ಮುಟ್ಟಿದಳು. "ಆಹಾ, ಎಂಥ ಜೋಡಿ!" ಎಂದು ಅವಳ ಸೋದರಮಾವ ಫೋಟೊ ತೆಗೆದರು.

"ಸೊಂಟ ತಾನೇ?" ಅವಳು ಪಿಸುಗುಟ್ಟಿದಳು.

"ಹೂಂ. ದಯವಿಟ್ಟು ಯಾರಿಗೂ ಹೇಳ್ಬೇಡಿ."

"ಹೇಳಲ್ಲ. ನನ್ನ ಭುಜ ಹಿಡ್ಕೊಂಡು ಮೆಲ್ಲಗೆ ಏಳಿ."

ಅವನ ಕಣ್ಣು ತುಂಬಿಬಂತು. ಭುಜ ಹಿಡಿದ. "ನೀವೂ ಜೊತೆಗೇ ಏಳಿ, ಯಾರಿಗೂ ಗೊತ್ತಾಗಲ್ಲ."

"ಹೇಗ್ರೀ ಏಳಲಿ? ಹಾಸಿಗೆ ಮೇಲೆ ಬೋರಲು ಬಿದ್ಕೊಂಡು ಧಾರಾವಾಹಿ ನೋಡೀ ನೋಡೀ, ಈಗ ನಂದೂ ಹಿಡ್ಕೊಂಡ್ಬಿಡ್ತು!"