ಕಿತ್ತು ತೋರಿಸು

"ಎಲ್ಲಿ, ಪ್ಲಗ್ ಕಿತ್ತು ತೋರಿಸು ನೋಡೋಣ," ಎಂದರು ಮೇಷ್ಟ್ರು. ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ಗೆ ಹೊಸದೇನು ಸೇರಬೇಕಾದರೂ ಅವರು ಹೂಂ ಅನ್ನಬೇಕು. ಕೋಡು ಬರೆದು ತಂದಿದ್ದ ಹುಡುಗನ ಕೈ ಕಂಪ್ಯೂಟರಿನ ಪ್ಲಗ್ಗಿನ ಮೇಲೆ ಹೋಗಿ ಅಲ್ಲೇ ಅಂಟಿಕೊಂಡಿತು. ಕರೆಂಟು ಹೋದರೂ ಏನನ್ನೂ ಮರೆಯದ ಹೊಸ ಮೆಮೊರಿಗೆಂದು ಅವನು ಬರೆದ, ಫೈಲುಗಳನ್ನು ಜೋಡಿಸಿಡುವ ಫೈಲ್ ಸಿಸ್ಟಮ್ ಈಗಷ್ಟೇ ಎಲ್ಲರ ಬಾಯಿ ಮುಚ್ಚಿಸುವಷ್ಟು ವೇಗವಾಗಿ ಓಡಿತ್ತು. ಓಡದೆ ಏನು ಮಾಡೀತು? ಬರೆದದ್ದು ಮೆಮೊರಿಗೆ ಮುಟ್ಟುವ ತನಕ ಕಾಯುವಂತೆ ಹೇಳುವ ಕೋಡಿನ ಸಾಲನ್ನೇ ಅವನು ಬೆಳಿಗ್ಗೆ ಅಳಿಸಿ ಹಾಕಿದ್ದ. ಈಗ ಕರೆಂಟು ಹೋದರೆ ಅರ್ಧ ಫೈಲು ಗೋತಾ.

"ಏನಯ್ಯಾ, ಶಾಕ್ ಹೊಡೀತಾ?" ಪಕ್ಕದಲ್ಲಿದ್ದ ಸಹೋದ್ಯೋಗಿ ನಕ್ಕಳು.

ಅವನ ಬೆವರಿದ ಹಣೆ ನೋಡಿ ಮೇಷ್ಟ್ರೇ ಕೈಬೀಸಿದರು. "ಬಿಡಪ್ಪ, ಬೇಡ. ನಿನ್ನ ಕೆಲಸ ನಾನು ಕಾಣದ್ದಾ? ಸೇರಿಸಿಬಿಡೋಣ."

ಎಲ್ಲರೂ ಕುರ್ಚಿ ಸರಿಸಿ ಎದ್ದರು. ಮೇಷ್ಟ್ರು ಬೈದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. ಈ ನಂಬಿಕೆ ಕಪಾಳಕ್ಕೆ ಬಾರಿಸಿದಂತಾಯಿತು. ಯಾರದೋ ಆಸ್ಪತ್ರೆಯ ವರದಿ, ಯಾರದೋ ಮಗುವಿನ ಫೋಟೋ ತನ್ನ ದೆಸೆಯಿಂದ ಮಣ್ಣುಪಾಲಾಗುವುದು ಕಣ್ಣಿಗೆ ಕಟ್ಟಿತು.

"ಕೂತ್ಕೊಳ್ಳಿ ಮೇಷ್ಟ್ರೇ, ನೋಡ್ಕೊಂಡೇ ಹೋಗಿ," ಎಂದು ನೆಲ ನೋಡುತ್ತಲೇ ಪ್ಲಗ್ ಕಿತ್ತ.